ಮಾತಾಡಿದ ಅಳಿಲು

ಹೋದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಸಣ್ಣ ಬೀಳ್ಕೊಡುಗೆ ಇತ್ತು. ಅಲ್ಲಿ ಸೀರೆ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ನಿಂತೇ ದುಡಿದ ಅಕ್ಕ, ಮೊಣಕಾಲು ಸಹಕರಿಸದೆ ಕೆಲಸ ಬಿಡುತ್ತಿದ್ದರು. ಏಳು ವರ್ಷ ಅದೇ ಕೌಂಟರಿನಲ್ಲಿ ಅವರ ಪಕ್ಕ ನಿಂತವಳೆಂದು ಮಾಲೀಕರು ನನ್ನನ್ನೂ ಕರೆಸಿದ್ದರು. "ನೀನು ಎರಡು ಮಾತಾಡಮ್ಮ" ಎಂದರು.

ನಾನು ಎದ್ದು ನಿಂತೆ. "ಅಕ್ಕ ಭದ್ರಾವತಿಯಿಂದ ದಿನಾ ಎಂಟೂವರೆ ಬಸ್ಸಿಗೆ ಹೊರಟು ಬರ್ತಿದ್ರು" ಎಂದು ಶುರು ಮಾಡಿದೆ.

"ಎಂಟೂಕಾಲು" ಎಂದರು ಅಕ್ಕ, ಹಾರ ಹಾಕಿಕೊಂಡು ಕೂತಲ್ಲಿಂದಲೇ.

ನಾನು ತಿದ್ದಿಕೊಂಡು ಮುಂದುವರಿದೆ. ಇಂಥ ಸಮಾರಂಭಗಳಲ್ಲಿ ಎಲ್ಲರೂ ಹೇಳುವಂತೆ, "ಯಾರಿಗೂ ನೋವಾಗೋ ಹಾಗೆ ಒಂದು ಮಾತು ಆಡಿದವರಲ್ಲ" ಎಂದೆ.

"ಆಡಿದೀನಿ ಕಣೇ. ಎಲ್ಲರೆದುರು ಸುಳ್ಳು ಯಾಕೆ ಹೇಳ್ತೀಯ? ಈ ಅಂಗಡೀಲಿ ನನ್ನ ಹತ್ರ ಬೈಸಿಕೊಳ್ಳದೆ ಇರೋರು ಯಾರಾದ್ರೂ ಇದ್ರೆ ಕೈ ಎತ್ತಲಿ."

ಯಾರೂ ಎತ್ತಲಿಲ್ಲ. ಮಾಲೀಕರೂ ಎತ್ತಲಿಲ್ಲ. ನಾನು ಮೈಕನ್ನು ಪಕ್ಕದವಳ ಕೈಗೆ ಕೊಟ್ಟು ಕೂತುಬಿಟ್ಟೆ. ಅಂದು ಮುಗಿಸಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆದರೆ ಇನಿಶಿಯಲ್ ತಪ್ಪಾಗಿದೆ ಎಂದು ಅವರು ಫೋನ್ ಮಾಡುವ ಸಂಭವವಿದೆ. ಆದ್ದರಿಂದ ಅಕ್ಕ ಎಂದಷ್ಟೇ ಇರಲಿ.

ಅವರ ಪಕ್ಕ ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಗಿರಾಕಿ ಗಿಳಿಹಸಿರು ಸೀರೆ ಹೆಗಲ ಮೇಲೆ ಹೊದ್ದು ಕನ್ನಡಿ ನೋಡುತ್ತಿದ್ದರೆ ನಾವೆಲ್ಲ "ಚೆನ್ನಾಗಿ ಒಪ್ಪುತ್ತೆ ಮೇಡಂ" ಎನ್ನುತ್ತಿದ್ದೆವು. ಅಕ್ಕ ಮಾತ್ರ, "ಒಪ್ಪಲ್ಲ. ನೀವು ಈಗಾಗಲೇ ಕಾಮಾಲೆಯಿಂದ ಎದ್ದವರ ಥರ ಕಾಣ್ತಿದೀರ, ತೆಗೀರಿ" ಎಂದು ಸೀರೆ ಎಳೆದುಕೊಳ್ಳುತ್ತಿದ್ದರು. ಮಾಲೀಕರು ಹಲ್ಲು ಕಚ್ಚಿಕೊಂಡು ಇತ್ತ ನೋಡುತ್ತಿದ್ದರು. ಗಿರಾಕಿ ಮುಖ ಊದಿಸಿಕೊಂಡು ಹೋಗಿ, ಎರಡು ದಿನ ಬಿಟ್ಟು ವಾಪಸ್ ಬಂದು, "ಆ ಕುಳ್ಳಮ್ಮ ಎಲ್ಲಿ? ಅವರೇ ತೋರಿಸಲಿ" ಎನ್ನುತ್ತಿದ್ದಳು. ಅದೊಂದೇ ಕಾರಣಕ್ಕೆ ಅಕ್ಕನ ಕೆಲಸ ಉಳಿದಿತ್ತು. ಬಸ್ಸಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಡ್ರೈವರಿಗೆ ಹೇಳುವರು. ನನ್ನ ಡಬ್ಬಿಯ ಸಾರು ರುಚಿ ನೋಡಿ, ನನ್ನಮ್ಮನಿಗೆ ಫೋನ್ ಮಾಡಿ ಹುಳಿ ಜಾಸ್ತಿಯಾಗಿದೆ ಎನ್ನುವರು. ಸುಮ್ಮನಿರಿ ಅಕ್ಕ ಎಂದರೆ, "ನಾನು ಹೇಳ್ದೆ ಇದ್ರೆ ಇನ್ಯಾರು ಹೇಳ್ತಾರೆ?" ಎಂಬುದು ಸಿದ್ಧ ಉತ್ತರ.

ಅವರ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಪೊಲೀಸ್ ಪೇದೆ ಆಗಬೇಕೆಂದು ಹೋದಾಗ, ಓಟಕ್ಕೂ ಬಿಡದೆ ಅಳತೆ ಕಂಬದ ಕೆಳಗಿನಿಂದಲೇ ಅವರನ್ನು ವಾಪಸ್ ಕಳಿಸಿದ್ದರಂತೆ. ಅಂಗಡಿಯಲ್ಲಿ ಮೇಲಿನ ಅರೆಯ ಸೀರೆ ತೆಗೆಯಲು ಸ್ಟೂಲ್ ಬೇಕಿತ್ತು. ಆ ಸ್ಟೂಲನ್ನು ಯಾರಾದರೂ ಮುಟ್ಟಿದರೆ ಮುಗಿಯಿತು.

ನಾಲ್ಕು ವರ್ಷದ ಹಿಂದೆ, ಶಿವಮೊಗ್ಗದಿಂದ ಕುಂಸಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಮನರಂಜನಾ ಪಾರ್ಕ್ ತೆರೆಯುವ ಹಂತದಲ್ಲಿತ್ತು. ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು, ಕಾಡಿನ ಪ್ರಾಣಿಗಳ ವೇಷ ತೊಟ್ಟು ಮಕ್ಕಳ ಜೊತೆ ಓಡಾಡುವವರು. ವೇಷ ತೊಡುವವರು ಬೇಕೆಂಬ ಅದರ ಜಾಹೀರಾತು ವಾಟ್ಸಾಪಿನಲ್ಲಿ ಬಂದಿತ್ತು. ಕರಡಿಗೆ ಇಂತಿಷ್ಟು ಎತ್ತರ, ಆನೆಗೆ ಇಬ್ಬರು, ಹೀಗೆ. ಕೊನೆಯಲ್ಲಿ ಅಳಿಲು: ಎತ್ತರ ಐದು ಅಡಿಯ ಒಳಗಿರಬೇಕು.

ಅಕ್ಕ ಅದನ್ನು ನನಗೆ ಮೂರು ಸಲ ಓದಿ ಹೇಳಿದರು. "ಒಳಗಿರಬೇಕು ಅಂತಿದೆ. ನೋಡು, ಒಳಗಿರ-ಬೇಕು."

"ಅಕ್ಕ, ನಿಮಗೆ ನಲವತ್ತೆಂಟು."

"ಅಳಿಲಿನ ಮುಖ ಬಟ್ಟೇದು ಕಣೇ. ಬಟ್ಟೆಗೆ ಸುಕ್ಕು ಬಂದ್ರೆ ಇಸ್ತ್ರಿ ಮಾಡ್ತಾರೆ."

ಇಷ್ಟೇ ಆಗಿದ್ದರೆ ನಾನು ಶುಭವಾಗಲಿ ಎಂದು ದೂರ ಇರುತ್ತಿದ್ದೆ. ಆದರೆ ಜಾಹೀರಾತಿನಲ್ಲಿ ಇನ್ನೊಂದು ಸಾಲಿತ್ತು. ವೇಷದೊಳಗಿನವರಿಗೆ ಕೆಳಗೆ ನೋಡಲಾಗದು, ಮಾತಾಡುವಂತೆಯೂ ಇಲ್ಲ. ಆದ್ದರಿಂದ ಪ್ರತಿ ವೇಷಕ್ಕೂ ಕೈಹಿಡಿದು ನಡೆಸುವ, ಜನರೊಡನೆ ಮಾತಾಡುವ ಒಬ್ಬ ಗೈಡ್ ಬೇಕು. ಜೋಡಿಯಾಗಿ ಬಂದರೆ ಆದ್ಯತೆ. ನಾನಾಗ ಇಪ್ಪತ್ತಾರರವಳು. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಕುರ್ಚಿಯೇ ಇಲ್ಲದ ಕೌಂಟರಿನ ಹಿಂದೆ ನಿಂತು, ಬಿಚ್ಚಿದ ಸೀರೆಯನ್ನೇ ಮಡಚಿ ಮಡಚಿ ಸಾಕಾಗಿತ್ತು. ಆ ಕೆಲಸ ನನಗೆ ಬೇಕಿತ್ತು. ಬಹುಶಃ ಅಕ್ಕನಿಗಿಂತ ಹೆಚ್ಚು ಬೇಕಿತ್ತು. ಒಪ್ಪಿಕೊಂಡೆ.

ಅರ್ಜಿ ಹಾಕಿದ ದಿನದಿಂದ ನನ್ನ ನೆಮ್ಮದಿ ಹೋಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಡಿಯ ಮೇಲಿನ ಗೋದಾಮಿನಲ್ಲಿ ಅಭ್ಯಾಸ. ಹಳೇ ಬೆಡ್‌ಶೀಟನ್ನು ಸುರುಳಿ ಸುತ್ತಿ ಸೊಂಟಕ್ಕೆ ಬಾಲ ಕಟ್ಟಿಕೊಂಡು ಅಕ್ಕ ಸೀರೆ ಬಂಡಲುಗಳ ನಡುವೆ ಕುಪ್ಪಳಿಸುತ್ತಿದ್ದರು. ನಾನು ಕೈಹಿಡಿದು ನಡೆಸಬೇಕು. ಹಿಡಿದರೆ ಬಿಗಿಯಾಯಿತು, ಬಿಟ್ಟರೆ ಸಡಿಲವಾಯಿತು ಎನ್ನುವರು. ಒಂದು ರಜೆಯ ದಿನ ನನ್ನನ್ನು ಗೋಪಾಳ ಬಡಾವಣೆಯ ನಮ್ಮ ಮನೆಯಿಂದ ಎಬ್ಬಿಸಿ ಕೋಟೆಗೆ ಕರೆದೊಯ್ದು, ದೇವಸ್ಥಾನದ ಹತ್ತಿರದ ಮರದ ಕೆಳಗೆ ಒಂದೂವರೆ ಗಂಟೆ ಕೂರಿಸಿದರು. ನಿಜವಾದ ಅಳಿಲು ನೋಡಲು.

"ನೋಡು, ನಿಂತಾಗ ಎರಡೂ ಕೈ ಎದೆ ಹತ್ರ ಇದೆ. ನೀನು ಪಕ್ಕಕ್ಕೆ ಬೀಸಬೇಕು ಅಂದಿದ್ದೆ. ತಪ್ಪು."

"ಟಾಟಾ ಮಾಡೋಕೆ ಬೀಸಬೇಕಲ್ಲ ಅಕ್ಕ."

"ಅಳಿಲು ಯಾರಿಗೆ ಟಾಟಾ ಮಾಡುತ್ತೆ?"

ದೊಡ್ಡ ತೊಂದರೆ ಬೇರೆಯೇ ಇತ್ತು. ವೇಷ ತೊಟ್ಟವರು ಬಾಯಿ ಬಿಡಬಾರದು. ಒಂದು ಶಬ್ದವೂ ಹೊರಗೆ ಬರಬಾರದು. ಬಂದರೆ ಮಕ್ಕಳ ಪಾಲಿಗೆ ಅಳಿಲು ಸತ್ತ ಹಾಗೆ ಎಂದು ಪಾರ್ಕಿನವರು ಕಳಿಸಿದ ನಿಯಮದ ಹಾಳೆಯಲ್ಲಿ ಬರೆದಿತ್ತು. ಮೊದಲ ದಿನದ ಮೌನಾಭ್ಯಾಸ ನಾಲ್ಕು ನಿಮಿಷಕ್ಕೆ ಮುಗಿಯಿತು, ಯಾರೋ ಕಾಟನ್ ಬಂಡಲಿಗೆ ಸಿಲ್ಕಿನ ಚೀಟಿ ಅಂಟಿಸಿದ್ದರಿಂದ. ಎರಡನೇ ದಿನ ಆರು ನಿಮಿಷ. ನಾನು ಸಿಟ್ಟಿನಿಂದ, "ನಿಮ್ಮಿಂದ ಆಗಲ್ಲ ಬಿಡಿ, ನನ್ನ ಟೈಮೂ ಹಾಳು" ಎಂದುಬಿಟ್ಟೆ.

ಮರುದಿನ ಸಂಜೆ ಅಕ್ಕ, "ನನ್ನ ಜೊತೆ ಭದ್ರಾವತಿ ತನಕ ಬಾ" ಎಂದರು. ಬಸ್ಸು ಹತ್ತಿದ ಮೇಲೆ ತುಟಿಗೆ ಬೆರಳಿಟ್ಟು ತೋರಿಸಿದರು. ಮುಕ್ಕಾಲು ಗಂಟೆಯ ದಾರಿ. ಹಿಂದಿನ ಸೀಟಿನವನು ಜೋರಾಗಿ ಫೋನಿನಲ್ಲಿ ಯಾರಿಗೋ ಭದ್ರಾವತಿಗೆ ದಾರಿ ತಪ್ಪು ತಪ್ಪಾಗಿ ಹೇಳುತ್ತಿದ್ದ. ಅಕ್ಕನ ಕುತ್ತಿಗೆಯ ನರ ಉಬ್ಬಿತು, ಸೀಟಿನ ಕಂಬಿ ಹಿಡಿದ ಕೈ ಬಿಗಿಯಾಯಿತು, ಬಾಯಿ ತೆರೆಯಲಿಲ್ಲ. ಕಂಡಕ್ಟರ್ ಇಬ್ಬರಿಗೂ ಬೇರೆ ಸ್ಟಾಪಿನ ಟಿಕೆಟ್ ಹರಿದುಕೊಟ್ಟ. ಅದಕ್ಕೂ ಮಾತಿಲ್ಲ. ಇಳಿದು ಬಸ್ಸು ಮುಂದೆ ಹೋದ ಮೇಲೆ, ರಸ್ತೆ ಬದಿಯಲ್ಲಿ ನಿಂತು ಹತ್ತು ನಿಮಿಷ ಒಂದೇ ಸಮನೆ ಮಾತಾಡಿದರು: ಕಂಡಕ್ಟರ್, ಹಿಂದಿನ ಸೀಟಿನವನು, ಅವನ ಫೋನಿನಲ್ಲಿದ್ದವನು, ಕಿಟಕಿಯ ಗಾಜು, ಕೊನೆಗೆ ನಾನು ಕೂತ ಭಂಗಿ. ಎಲ್ಲ ಹೇಳಿ ಮುಗಿದ ಮೇಲೆ, "ಆಗುತ್ತೆ ಅಲ್ವಾ?" ಎಂದು ನನ್ನ ಮುಖ ನೋಡಿದರು.

ಆಗುತ್ತೆ ಎಂದೆ. ನಂಬಿಯೇ ಹೇಳಿದೆ.

ಆಯ್ಕೆಯ ದಿನ ಪಾರ್ಕಿನಲ್ಲಿ ಮೂವತ್ತು ನಲವತ್ತು ಜನರಿದ್ದರು. ಎಲ್ಲ ಕಾಲೇಜು ವಯಸ್ಸಿನವರು. ಅಕ್ಕನನ್ನು ಯಾರದೋ ತಾಯಿ ಎಂದುಕೊಂಡು ನೆರಳಿನಲ್ಲಿ ಕೂರಲು ಹೇಳಿದರು. ಆಯ್ಕೆ ಮಾಡಲು ಮೈಸೂರಿನಿಂದ ಒಬ್ಬ ಮೇಡಂ ಬಂದಿದ್ದರು. ಅವರ ಮುಂದೆ ಗೋಡೆಗೆ ಅಳತೆಪಟ್ಟಿ ಅಂಟಿಸಿತ್ತು. ಅಕ್ಕ ಚಪ್ಪಲಿ ಕಳಚಿ, ಬೆನ್ನು ನೆಟ್ಟಗೆ ಮಾಡಿ ನಿಂತರು. "ನಾಲ್ಕು ಹತ್ತು. ಪರ್ಫೆಕ್ಟ್" ಎಂದರು ಮೇಡಂ. ಅಕ್ಕ ನನ್ನತ್ತ ತಿರುಗಿ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಪೊಲೀಸ್ ಮೈದಾನದಿಂದ ವಾಪಸ್ ಬಂದ ಹುಡುಗಿ ಅವರ ಒಳಗೆ ಇನ್ನೂ ನಿಂತೇ ಇದ್ದಳು ಎಂದು ಆಗ ಗೊತ್ತಾಯಿತು.

ಮೊದಲ ಸುತ್ತಿನಲ್ಲಿ ವೇಷವಿಲ್ಲದೆ ನಡೆದು ತೋರಿಸಬೇಕು. ಉಳಿದವರು ಕುಣಿದರು, ಕೈ ಬೀಸಿದರು. ಅಕ್ಕ ನಾಲ್ಕು ಹೆಜ್ಜೆ ಓಡಿ ತಟ್ಟನೆ ನಿಂತು, ಕೈ ಎದೆಗೆ ತಂದು, ತಲೆ ಮಾತ್ರ ಹೊರಳಿಸಿದರು. ಮತ್ತೆ ಎರಡು ಹೆಜ್ಜೆ. ಮತ್ತೆ ನಿಂತರು. ನಗುತ್ತಿದ್ದವರು ಸುಮ್ಮನಾದರು. ಮೇಡಂ ಪೆನ್ನು ಕೆಳಗಿಟ್ಟು ನೋಡಿದರು.

ಎರಡನೇ ಸುತ್ತು ವೇಷ ತೊಟ್ಟು ಇಪ್ಪತ್ತು ನಿಮಿಷ. ಪಾರ್ಕಿನ ಕೆಲಸಗಾರರ ಮನೆಯವರನ್ನೂ ಮಕ್ಕಳನ್ನೂ ಕರೆಸಿದ್ದರು. ಅವರ ನಡುವೆ ಓಡಾಡಬೇಕು. ವೇಷ ಸ್ಪಂಜಿನದು, ಹಾಸಿಗೆ ಸುತ್ತಿಕೊಂಡ ಹಾಗೆ. ಅಳಿಲಿನ ಬಾಯಿಯಲ್ಲಿದ್ದ ಜಾಲರಿಯಿಂದ ಮಾತ್ರ ನೋಟ. ಕೈಗವಸಿಗೆ ಮೂರೇ ಬೆರಳು. ಮಾತಿಲ್ಲವಾದ್ದರಿಂದ ಮೇಡಂ ಸಂಜ್ಞೆ ಹೇಳಿಕೊಟ್ಟಿದ್ದರು. ಗೈಡಿನ ಕೈಯನ್ನು ಎರಡು ಸಲ ಒತ್ತಿದರೆ, ಏನೋ ಸರಿ ಇಲ್ಲ, ನೀನು ಮಾತಾಡು ಎಂದರ್ಥ.

ಹದಿನೈದು ನಿಮಿಷ ಎಲ್ಲ ಸುಗಮವಾಗಿ ನಡೆಯಿತು. ಮಕ್ಕಳು ಅಳಿಲಿನ ಬಾಲ ಹಿಡಿದು ಸಾಲು ಮಾಡಿಕೊಂಡು ಬಂದರು. ನಾನು ಮೇಡಂ ಹೇಳಿಕೊಟ್ಟ ಹಾಗೆ ನಗುತ್ತಾ, "ಅಳಿಲಿಗೆ ಹಾಯ್ ಹೇಳಿ" ಎನ್ನುತ್ತಿದ್ದೆ. ದೂರದಲ್ಲಿ ಮೇಡಂ ಬರೆದುಕೊಳ್ಳುತ್ತಿದ್ದರು. ನನ್ನ ಮನಸ್ಸಾಗಲೇ ಕೌಂಟರಿನಿಂದ ಬಿಡುಗಡೆಯಾಗಿತ್ತು.

ಆಗ ಒಬ್ಬ ತಂದೆ ನಾಲ್ಕು ವರ್ಷದ ಮಗಳನ್ನು ಎಳೆದುಕೊಂಡು ಬಂದ. ಮಗುವಿಗೆ ಅಳಿಲನ್ನು ಕಂಡರೆ ಹೆದರಿಕೆ. ಅವನ ಕಾಲಿಗೆ ಕಚ್ಚಿಕೊಂಡು ಅಳುತ್ತಿತ್ತು. ಅವನಿಗೆ ಫೋಟೋ ಬೇಕು. "ಹಿಡ್ಕೋ ಅದರ ಕೈನಾ, ಏನೂ ಮಾಡಲ್ಲ, ಹಿಡ್ಕೋ ಅಂದೆ" ಎಂದು ಮಗುವನ್ನು ಬಿಡಿಸಿ ಮುಂದೆ ತಳ್ಳಿದ. ಮಗು ಕಿರುಚಿತು.

ಅಳಿಲು ನನ್ನ ಕೈಯನ್ನು ಎರಡು ಸಲ ಒತ್ತಿತು.

ನಾನು ನಗುತ್ತಲೇ ಇದ್ದೆ. ಆ ಮನುಷ್ಯ ಪಾರ್ಕಿನಲ್ಲಿ ಯಾರೋ, ಎಷ್ಟು ದೊಡ್ಡವನೋ. ಅವನ ಜೊತೆ ಮಾತು ಬೆಳೆಸುವುದು ಮೇಡಂ ಕಣ್ಣಿಗೆ ಬಿದ್ದರೆ? ಇನ್ನು ಐದೇ ನಿಮಿಷ. ಮಗು ವಾಪಸ್ ಓಡಿತು, ಅವನು ಮತ್ತೆ ಎಳೆದು ತಂದ. ಕೈ ಮತ್ತೆ ಎರಡು ಸಲ ಒತ್ತಿತು, ಈ ಸಲ ಜೋರಾಗಿ. ನಾನು, "ಪುಟ್ಟಿ, ಅಳಿಲಿಗೆ ಹಾಯ್ ಹೇಳು" ಎಂದೆ. ಅವನು ಮಗುವಿನ ಬೆನ್ನಿಗೆ ಛಟೀರೆಂದು ಒಂದು ಕೊಟ್ಟ. ಮೂರನೇ ಸಲ ಕೈ ಒತ್ತಿತು. ನಾನು ಮೇಡಂ ಕಡೆ ನೋಡುತ್ತಿದ್ದೆ.

ಅಳಿಲು ನನ್ನ ಕೈ ಬಿಟ್ಟಿತು.

"ಏನ್ರೀ, ಮಗು ಬೇಡ ಅಂತಿದೆಯಲ್ಲ, ಕಣ್ಣು ಕಾಣಲ್ವಾ? ಫೋಟೋ ಬೇಕಾದ್ರೆ ನೀವು ಬಂದು ನಿಂತ್ಕೊಳ್ಳಿ."

ಸ್ಪಂಜಿನೊಳಗಿಂದ ಬಂದರೂ ದನಿ ಸ್ಪಷ್ಟವಾಗಿತ್ತು. ಸುತ್ತಲಿನ ಮಕ್ಕಳೆಲ್ಲ ಬಾಯಿ ತೆರೆದು ನಿಂತರು. ಒಬ್ಬ ಹುಡುಗ, "ಇದರೊಳಗೆ ಅಜ್ಜಿ ಇದೆ" ಎಂದ. ಹೊಡೆದ ಮನುಷ್ಯ ಫೋನು ಜೇಬಿಗೆ ಹಾಕಿಕೊಂಡು ಮಗುವನ್ನು ಎತ್ತಿಕೊಂಡು ಹೊರಟುಹೋದ. ಮೇಡಂ ಬರೆಯುತ್ತಿದ್ದ ಹಾಳೆಯನ್ನು ಮಗುಚಿದರು.

ಪರದೆಯ ಹಿಂದೆ ಅಕ್ಕ ಅಳಿಲಿನ ತಲೆ ತೆಗೆದಾಗ ಕೂದಲು ಹಣೆಗೆ ಅಂಟಿಕೊಂಡಿತ್ತು, ಮುಖ ಕೆಂಪಗಾಗಿತ್ತು. ಮೇಡಂ ಸಿಟ್ಟಾಗಿರಲಿಲ್ಲ. ಅದೇ ಹೆಚ್ಚು ಸಂಕಟವಾಗಿತ್ತು. "ಇವತ್ತು ನೋಡಿದವರಲ್ಲಿ ನೀವೇ ಬೆಸ್ಟ್ ಇದ್ರಿ. ನಿಮ್ಮ ಗೈಡ್ ಪಕ್ಕದಲ್ಲೇ ಇದ್ರಲ್ಲ, ಅವರ ಕೈಲಿ ಹೇಳಿಸಬಹುದಿತ್ತಲ್ವಾ?"

ನಾನು ಅಕ್ಕನ ಕಡೆ ನೋಡಿದೆ. ಈಗ ಹೇಳುತ್ತಾರೆ, ಮೂರು ಸಲ ಒತ್ತಿದೆ ಎಂದು ಬೆರಳು ಮಡಚಿ ಲೆಕ್ಕ ಕೊಡುತ್ತಾರೆ ಎಂದುಕೊಂಡೆ.

"ಇವಳು ಮಾತಾಡೋಕೆ ಹೊರಟಿದ್ಲು ಮೇಡಂ. ನಾನೇ ಮುಂಚೆ ಬಾಯಿ ಹಾಕ್ದೆ. ನಂದು ಹುಟ್ಟುಗುಣ, ಏನು ಮಾಡೋದು" ಎಂದರು ಅಕ್ಕ.

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಅವರ ಮೇಲೆ ರೇಗಿದೆ. ಹೌದು, ನಾನೇ ರೇಗಿದೆ. ಒಂದು ತಿಂಗಳು ಹಾಳಾಯಿತು, ಇನ್ನೈದು ನಿಮಿಷ ತಡೆದುಕೊಳ್ಳಲು ಆಗಲಿಲ್ಲವಲ್ಲ, ನಿಮ್ಮ ಬಾಯಿಯಿಂದ ನನ್ನ ಕೆಲಸವೂ ಹೋಯಿತು ಎಂದೆ. ತಪ್ಪು ನಮ್ಮದೇ ಆಗಿರುವಾಗ ಎಷ್ಟು ಜೋರು ಬರುತ್ತದೆಂದು ಆಗ ನೋಡಿಕೊಂಡೆ. ಅಕ್ಕ, "ಹೂಂ ಕಣೇ, ತಪ್ಪಾಯ್ತು" ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ವಾರದ ನಂತರ ಪಾರ್ಕಿನಿಂದ ಫೋನ್ ಬಂತು. ಅಳಿಲಿಗೆ ಕುಂಸಿಯ ಒಬ್ಬ ಹುಡುಗಿ ಸಿಕ್ಕಿದ್ದಾಳೆ, ನೀವು ಗೈಡಾಗಿ ಬರುತ್ತೀರಾ, ನೀವು ತಾಳ್ಮೆಯಿಂದ ನಿಂತಿದ್ದು ಮೇಡಂಗೆ ಹಿಡಿಸಿದೆ ಎಂದರು. ತಾಳ್ಮೆ. ನಾನು ಹೂಂ ಎಂದೆ. ಅಕ್ಕನಿಗೆ ಹೇಳಲು ಆರು ದಿನ ಬೇಕಾಯಿತು. ಹೇಳಿದಾಗ ಅವರು ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಹೋಗು ಮಾರಾಯ್ತಿ. ಇಲ್ಲೇ ನಿಂತು ನಿಂತು ನಿನ್ನ ಕಾಲೂ ನನ್ನ ಕಾಲಿನ ಥರ ಆಗೋದು ಬೇಡ" ಎಂದರು. ಆಮೇಲೆ ಊಟದ ಹೊತ್ತಿನಲ್ಲಿ, ಹೊಸ ಹುಡುಗಿಯನ್ನು ಹೇಗೆ ನಡೆಸಬೇಕು ಎಂದು ನನಗೆ ಪಾಠ ಮಾಡಿ ಡಬ್ಬಿಯ ಅನ್ನ ಆರುವಂತೆ ಮಾಡಿದರು.

ಅಷ್ಟಕ್ಕೇ ಬಿಟ್ಟರೆ ಅವರು ಅಕ್ಕನೇ ಅಲ್ಲ. ಪಾರ್ಕ್ ತೆರೆದ ತಿಂಗಳಿಗೆ ಟಿಕೆಟ್ ತೆಗೆದುಕೊಂಡು ಬಂದರು. ನೂರಾರು ಜನರ ನಡುವೆ ನೇರ ನಮ್ಮ ಹತ್ತಿರ ನಡೆದು, ಅಳಿಲಿನ ಕಿವಿಯ ಬಳಿ, "ಬಾಲ ನೆಲಕ್ಕೆ ಎಳೀತಿದೆಯಲ್ಲ, ಯಾವ ಅಳಿಲು ಬಾಲ ಎಳ್ಕೊಂಡು ಹೋಗುತ್ತೆ?" ಎಂದರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಕುಂಸಿಯ ಹುಡುಗಿ ಮರುದಿನದಿಂದ ಬಾಲಕ್ಕೊಂದು ದಾರ ಕಟ್ಟಿ ಬೆನ್ನಿಗೆ ಎತ್ತಿಕೊಂಡಳು. ನೋಡಲು ಚೆನ್ನಾಗಿಯೇ ಆಯಿತು. ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ.

ಬೀಳ್ಕೊಡುಗೆಯ ದಿನ ಸಮಾರಂಭ ಮುಗಿದ ಮೇಲೆ ಅವರಿಗೆ ಕೊಟ್ಟ ಗೋಡೆ ಗಡಿಯಾರ, ಹಣ್ಣಿನ ಬುಟ್ಟಿ ಹೊತ್ತುಕೊಂಡು ನಾನೇ ಅವರ ಜೊತೆ ಭದ್ರಾವತಿಗೆ ಹೋದೆ. ಅಲ್ಲಿನ ಜನ್ನಾಪುರದಲ್ಲಿ ಎರಡು ಕೋಣೆಯ ಮನೆ. ಅವರ ಯಜಮಾನರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿ ನಿವೃತ್ತರಾದವರು, ಮಾತು ಬಲು ಕಡಿಮೆ. ಕಾಫಿ ಕೊಟ್ಟು ಹೊರಗೆ ಹೋದರು. ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಅದೂ ಇದೂ ಮಾತಾಡುತ್ತಾ, "ಅವತ್ತು ನನ್ನ ಬಾಯಿಂದ ನಿನ್ನ ಕೆಲಸಾನೂ ಹೋಗ್ತಿತ್ತಲ್ಲ, ಅದೊಂದು ನನ್ನ ಮನಸ್ಸಲ್ಲಿ ಹಾಗೇ ಉಳಿದಿದೆ ನೋಡು. ಸದ್ಯ, ಅವರಾಗೇ ಕರೆದರು" ಎಂದರು.

ನಾಲ್ಕು ವರ್ಷ ಬೈಗುಳವನ್ನೇ ಕಾಯುತ್ತಿದ್ದವಳಿಗೆ ಇದು ತಡೆಯಲಾಗಲಿಲ್ಲ.

"ಅಕ್ಕ, ನೀವು ಕೈ ಒತ್ತಿದ್ದು ನನಗೆ ಗೊತ್ತಾಗಿತ್ತು. ಮೂರು ಸಲಾನೂ."

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

"ಹೌದಾ?" ಎಂದರು. "ಆ ಕೈಗವಸು ಬಲು ದಪ್ಪ ಇತ್ತಲ್ಲ. ಒತ್ತಿದ್ದು ನಿನಗೆ ತಾಗಿಲ್ಲ ಅಂದ್ಕೊಂಡಿದ್ದೆ ನಾನು" ಎಂದರು.

ಇವರು ಎಲ್ಲ ತಿಳಿದೂ ನನ್ನನ್ನು ಉಳಿಸಿದರು, ದೊಡ್ಡ ಮನಸ್ಸು ಎಂದು ಇಷ್ಟು ವರ್ಷ ನಾನೇ ಕಥೆ ಕಟ್ಟಿಕೊಂಡಿದ್ದೆ. ಅವರಿಗೆ ಗೊತ್ತೇ ಇರಲಿಲ್ಲ. ಅವರು ನನ್ನನ್ನು ಒಳ್ಳೆಯವಳೆಂದು ನಂಬಿದ್ದರು, ಅಷ್ಟೇ.

"ಭಯ ಆಯ್ತಾ?" ಎಂದು ಕೇಳಿದರು.

"ಆಯ್ತು. ಕೆಲಸ ಹೋಗುತ್ತೆ ಅಂತ."

"ಹೂಂ." ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದರು. "ಈಗ ಆ ಹುಡುಗಿ ಒತ್ತಿದ್ರೆ ಮಾತಾಡ್ತೀಯ?"

"ಮಾತಾಡ್ತೀನಿ ಅಕ್ಕ."

"ಎಷ್ಟನೇ ಸಲಕ್ಕೆ?"

"ಮೊದಲನೇ ಸಲಕ್ಕೇ."

"ಸರಿ" ಎಂದರು. ಗೋಡೆ ಹಿಡಿದು ಎದ್ದು, ಬಾಗಿಲವರೆಗೆ ಬಂದು, ಶಿವಮೊಗ್ಗದ ಬಸ್ಸು ಇನ್ನೇನು ಬರುತ್ತೆ ಹೊರಡು ಎಂದರು.

ಈ ನಾಲ್ಕು ವರ್ಷವೂ ಅಂಗಡಿಯ ರಜೆಯ ದಿನ ಅವರೇ ನನಗೆ ಫೋನ್ ಮಾಡುತ್ತಿದ್ದರು. ಅದೂ ನಾನು ಮಕ್ಕಳ ಗುಂಪಿನ ನಡುವೆ ಸಿಕ್ಕಿಬಿದ್ದಿರುವ ಹೊತ್ತು ನೋಡಿಯೇ. ಎಷ್ಟೋ ಸಲ ಹೆಸರು ನೋಡಿ, ಅಯ್ಯೋ ಇವರೊಬ್ಬರು ಎಂದು ಗೊಣಗಿಕೊಂಡು ಕಟ್ ಮಾಡಿದ್ದೇನೆ. ಈಗ ನಾನು ಮಾಡುತ್ತೇನೆ. ಎತ್ತುತ್ತಾರೆ, ಮೊಣಕಾಲಿನ ಸುದ್ದಿ ಹೇಳುತ್ತಾರೆ, ನನ್ನಮ್ಮನ ಸಾರು ಹೇಗಿದೆ ಎಂದು ಕೇಳುತ್ತಾರೆ. ಆ ದಿನದ ನಂತರ ಅವರಾಗಿ ಇನ್ನೂ ಮಾಡಿಲ್ಲ.